ಗ್ಯಾಲಿಯಮ್ ಫಾಸ್ಫೈಡ್‌ನ ಹಸಿರು ಬೆಳಕು: ಬೆರಕೆ ಪರಮಾಣುಗಳು ಎಲೆಕ್ಟ್ರಾನನ್ನು ಹಿಡಿಯುವ ಬಗೆ

1970ರ ದಶಕದಿಂದ ಮೊದಲ್ಗೊಂಡು ಬಹುಕಾಲ ರೇಡಿಯೊ, ಟೇಪ್‌ರೆಕಾರ್ಡರ್, ಸ್ಟೆಬಿಲೈಸರ್‌ಗಳ ಮುಂಭಾಗದಲ್ಲಿ ಉರಿಯುತ್ತಿದ್ದ ಹಳದಿ ಬೆರೆತ ಪುಟ್ಟ ಹಸಿರು ದೀಪಗಳು ಹೆಚ್ಚಾಗಿ ಗ್ಯಾಲಿಯಮ್ ಫಾಸ್ಫೈಡ್ ಎಂಬ ಅರೆವಾಹಕದ ಹರಳಿನಿಂದ ತಯಾರಾದವು. ಶುದ್ಧವಾದ ಗ್ಯಾಲಿಯಮ್ ಫಾಸ್ಫೈಡ್ ಬೆಳಕು ಕೊಡುವುದರಲ್ಲಿ ತೀರ ಹಿಂದುಳಿದ ವಸ್ತು. ಅದನ್ನು ದೀಪವಾಗಿಸಿದ್ದು ಅದರೊಳಗೆ ಬೇಕೆಂದೇ ಸೇರಿಸಿದ ಸಾರಜನಕ, ಅದೂ ಹತ್ತು ಸಾವಿರ ರಂಜಕ (ಫಾಸ್ಫರಸ್) ಪರಮಾಣುಗಳಿಗೆ ಒಂದು ಎಂಬ ಪ್ರಮಾಣದ ಆಸುಪಾಸಿನಲ್ಲಿ. ಇಷ್ಟು ವಿರಳವಾದ ಬೆರಕೆಯೊಂದು ಇಡೀ ಹರಳಿನ ಬೆಳಕನ್ನು ನಿರ್ಧರಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ. ಅದನ್ನು ತಿಳಿಯಬೇಕಾದರೆ ಬೆರಕೆಯ ಪರಮಾಣು ಎಲೆಕ್ಟ್ರಾನನ್ನು ಹಿಡಿಯುವುದು ಎಂದರೇನು, ಹಿಡಿದ ಮೇಲೆ ಅದರ ಶಕ್ತಿ ಬೆಳಕಾಗುವುದೋ ಶಾಖವಾಗುವುದೋ ಎಂಬುದನ್ನು ಯಾವುದು ನಿರ್ಣಯಿಸುತ್ತದೆ ಎಂಬ ಎರಡನ್ನೂ ನೋಡಬೇಕು.

ಹರಳಿನಲ್ಲಿ ಎಲೆಕ್ಟ್ರಾನುಗಳಿಗೆ ಇರಬಹುದಾದ ಶಕ್ತಿಗಳು ಪಟ್ಟಿಗಳಾಗಿ ವಿಂಗಡಗೊಂಡಿರುತ್ತವೆ. ಪರಮಾಣುಗಳ ನಡುವಿನ ಬಂಧಗಳಲ್ಲಿ ತೊಡಗಿರುವ ಎಲೆಕ್ಟ್ರಾನುಗಳು ಕೆಳಗಿನ ವೇಲೆನ್ಸಿ ಪಟ್ಟಿಯಲ್ಲಿರುತ್ತವೆ. ಹರಳಿನುದ್ದಕ್ಕೂ ಸ್ವತಂತ್ರವಾಗಿ ಚಲಿಸಬಲ್ಲವು ಮೇಲಿನ ವಹನ ಪಟ್ಟಿಯಲ್ಲಿರುತ್ತವೆ. ಇವೆರಡರ ನಡುವಿನ ಶಕ್ತಿಗಳು ಶುದ್ಧ ಹರಳಿನಲ್ಲಿ ಯಾವ ಎಲೆಕ್ಟ್ರಾನಿಗೂ ದಕ್ಕುವುದಿಲ್ಲವಾದ್ದರಿಂದ ಆ ಭಾಗವನ್ನು ನಿಷಿದ್ಧ ಅಂತರ ಎನ್ನುತ್ತಾರೆ. ಗ್ಯಾಲಿಯಮ್ ಫಾಸ್ಫೈಡ್‌ನಲ್ಲಿ ಕೋಣೆಯ ಉಷ್ಣತೆಯಲ್ಲಿ ಈ ಅಂತರ ಸುಮಾರು 2.26 ಎಲೆಕ್ಟ್ರಾನ್‌ವೋಲ್ಟ್ (ಎಲೆಕ್ಟ್ರಾನುಗಳ ಶಕ್ತಿಯನ್ನು ಅಳೆಯುವ ಪುಟ್ಟ ಮಾನ). ಕೆಳಗಿನ ಪಟ್ಟಿಯಿಂದ ಎಲೆಕ್ಟ್ರಾನೊಂದು ಮೇಲಕ್ಕೆ ಹೋದರೆ ಅದರ ಖಾಲಿ ಜಾಗವು ಧನ ವಿದ್ಯುದಂಶದ ಕಣದಂತೆ ವರ್ತಿಸುತ್ತದೆ, ಅದೇ ರಂಧ್ರ. ಎಲೆಕ್ಟ್ರಾನ್ ಮರಳಿ ರಂಧ್ರವನ್ನು ತುಂಬಿದಾಗ ಉಳಿಯುವ ಶಕ್ತಿಯು ಫೋಟಾನ್ ಆಗಿ ಹೊರಬರಬಹುದು. ಎಲೆಕ್ಟ್ರಾನ್‌ವೋಲ್ಟ್‌ಗಳಲ್ಲಿರುವ ಶಕ್ತಿಯಿಂದ 1240ನ್ನು ಭಾಗಿಸಿದರೆ ಬೆಳಕಿನ ತರಂಗಾಂತರ ನ್ಯಾನೋಮೀಟರ್‌ಗಳಲ್ಲಿ ಸಿಗುತ್ತದೆ. 2.26ಕ್ಕೆ ಈ ಲೆಕ್ಕ ಸುಮಾರು 549 ನ್ಯಾನೋಮೀಟರ್ ಎಂದು ಬರುತ್ತದೆ, ಅಂದರೆ ಶುದ್ಧ ಹಸಿರು.

ತೊಡಕು ಇರುವುದು ಸಂವೇಗದಲ್ಲಿ (ಮೊಮೆಂಟಮ್). ಗ್ಯಾಲಿಯಮ್ ಫಾಸ್ಫೈಡ್‌ನ ವಹನ ಪಟ್ಟಿಯ ತಳದಲ್ಲಿರುವ ಎಲೆಕ್ಟ್ರಾನುಗಳಿಗೆ ದೊಡ್ಡ ಸಂವೇಗವಿದೆ. ವೇಲೆನ್ಸಿ ಪಟ್ಟಿಯ ತುದಿಯಲ್ಲಿರುವ ರಂಧ್ರಗಳ ಸಂವೇಗ ಸೊನ್ನೆ. ಎರಡೂ ಕೂಡಬೇಕಾದರೆ ಈ ವ್ಯತ್ಯಾಸವನ್ನು ಯಾರಾದರೂ ಹೊತ್ತೊಯ್ಯಬೇಕು. ಫೋಟಾನಿನ ಸಂವೇಗ ಆ ಕೆಲಸಕ್ಕೆ ಏನೇನೂ ಸಾಲದು. ಹರಳಿನ ಪರಮಾಣುಗಳ ಕಂಪನದ ಒಂದು ಘಟಕವಾದ ಫೋನಾನ್ ಸರಿಯಾದ ಹೊತ್ತಿಗೆ ಜೊತೆಗೂಡಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಇಂಥ ಕೂಟ ಅಪರೂಪವಾದದ್ದರಿಂದ ಎಲೆಕ್ಟ್ರಾನ್ ಬಹಳ ಹೊತ್ತು ಹರಳಿನಲ್ಲಿ ಅಲೆಯುತ್ತದೆ, ಮತ್ತು ಆ ಅಲೆದಾಟದಲ್ಲಿ ಶಕ್ತಿಯನ್ನು ಶಾಖವಾಗಿ ಕಳೆಯುವ ಯಾವುದೋ ದೋಷಕ್ಕೆ ಸಿಕ್ಕಿಬೀಳುವ ಸಂಭವವೇ ಹೆಚ್ಚು. ಗ್ಯಾಲಿಯಮ್ ಆರ್ಸೆನೈಡ್‌ಗೆ ಈ ಕಷ್ಟವಿಲ್ಲ. ಅದರಲ್ಲಿ ಪಟ್ಟಿಯ ತಳವೂ ತುದಿಯೂ ಒಂದೇ ಸಂವೇಗದಲ್ಲಿವೆ. ಆದರೆ ಅದರ ನಿಷಿದ್ಧ ಅಂತರ 1.42 ಎಲೆಕ್ಟ್ರಾನ್‌ವೋಲ್ಟ್ ಮಾತ್ರ, ಹಾಗಾಗಿ ಅದು ಕೊಡುವ ಬೆಳಕು ಕಣ್ಣಿಗೆ ಕಾಣದ ಅವಕೆಂಪು.

ಇನ್ನು ಹಿಡಿಯುವ ಕ್ರಿಯೆ. ಹರಳಿನ ಕ್ರಮಬದ್ಧ ಸಾಲಿನಲ್ಲಿ ಒಂದು ಪರಮಾಣುವಿನ ಬದಲು ಬೇರೊಂದು ಧಾತುವಿನ ಪರಮಾಣು ಕುಳಿತರೆ, ನಿಷಿದ್ಧ ಅಂತರದೊಳಗೆ ಆ ತಾಣಕ್ಕೆ ಮಾತ್ರ ಸೇರಿದ ಹೊಸ ಶಕ್ತಿಮಟ್ಟ ಹುಟ್ಟಬಹುದು. ಎಲ್ಲರಿಗೂ ಪರಿಚಿತವಾದ ಉದಾಹರಣೆ ಸಿಲಿಕಾನಿನಲ್ಲಿರುವ ರಂಜಕ. ಅದಕ್ಕೆ ಸಿಲಿಕಾನಿಗಿಂತ ಒಂದು ಹೊರ ಎಲೆಕ್ಟ್ರಾನ್ ಹೆಚ್ಚು. ಆ ಎಲೆಕ್ಟ್ರಾನನ್ನು ದಾನ ಮಾಡಿದ ಮೇಲೆ ಉಳಿಯುವ ಧನ ಅಯಾನು ದೂರದ ಎಲೆಕ್ಟ್ರಾನುಗಳನ್ನೂ ಸೆಳೆಯುತ್ತದೆ. ಸುತ್ತಲಿನ ಹರಳು ಈ ಸೆಳೆತವನ್ನು ಬಹಳ ಮಟ್ಟಿಗೆ ತಗ್ಗಿಸುವುದರಿಂದ ಬಂಧನಶಕ್ತಿ ಕೇವಲ 0.045 ಎಲೆಕ್ಟ್ರಾನ್‌ವೋಲ್ಟ್ ಆಗಿದ್ದು, ಎಲೆಕ್ಟ್ರಾನಿನ ಅಲೆ ಸಾವಿರಾರು ಪರಮಾಣುಗಳ ಮೇಲೆ ಹರಡಿಕೊಂಡಿರುತ್ತದೆ. ಇಂತಹ ಆಳವಿಲ್ಲದ ಕೇಂದ್ರವು ಎಲೆಕ್ಟ್ರಾನನ್ನು ಹಿಡಿಯುವ ಬಗೆಯನ್ನು ಮೆಲ್ವಿನ್ ಲ್ಯಾಕ್ಸ್ 1960ರಲ್ಲಿ ವಿವರಿಸಿದರು. ಅಯಾನಿನ ಸುತ್ತ ಒಂದರ ಕೆಳಗೊಂದು ಅನೇಕ ಉದ್ರಿಕ್ತ (ತಳಮಟ್ಟಕ್ಕಿಂತ ಹೆಚ್ಚು ಶಕ್ತಿಯ) ಮಟ್ಟಗಳಿರುತ್ತವೆ. ಎಲೆಕ್ಟ್ರಾನ್ ಮೊದಲು ಎಲ್ಲಕ್ಕಿಂತ ಮೇಲಿನ ಮಟ್ಟಕ್ಕೆ ಸಿಲುಕಿ, ಒಂದೊಂದು ಹಂತಕ್ಕೂ ಒಂದೊಂದು ಫೋನಾನನ್ನು ಹರಳಿಗೆ ಬಿಟ್ಟುಕೊಡುತ್ತ ಕೆಳಗಿಳಿಯುತ್ತದೆ. ಹಂತಗಳು ಕಿರಿದಾಗಿರುವುದರಿಂದ ಇಳಿಯುವುದು ಸುಲಭ. ಹತ್ತುವುದೂ ಸುಲಭ, ಏಕೆಂದರೆ ಕೋಣೆಯ ಉಷ್ಣತೆಯಲ್ಲಿ ಹರಳಿನ ಕಂಪನಗಳಿಂದ ದೊರೆಯುವ ಶಕ್ತಿಯ ಅಳತೆ 0.026 ಎಲೆಕ್ಟ್ರಾನ್‌ವೋಲ್ಟ್‌ನಷ್ಟಿದೆ.

ಸಾರಜನಕದ ವಿಷಯದಲ್ಲಿ ಈ ವಿವರಣೆ ಹೊಂದುವುದಿಲ್ಲ. ರಂಜಕ, ಸಾರಜನಕ ಎರಡೂ ಆವರ್ತಕ ಕೋಷ್ಟಕದ ಒಂದೇ ಗುಂಪಿನವು, ಎರಡಕ್ಕೂ ಹೊರಗಿನ ಕವಚದಲ್ಲಿ ಐದೈದು ಎಲೆಕ್ಟ್ರಾನುಗಳು. ಆದ್ದರಿಂದ ರಂಜಕದ ತಾಣದಲ್ಲಿ ಕುಳಿತ ಸಾರಜನಕಕ್ಕೆ ಹೆಚ್ಚುವರಿ ಧನ ವಿದ್ಯುದಂಶವೂ ಇಲ್ಲ, ಋಣ ವಿದ್ಯುದಂಶವೂ ಇಲ್ಲ. ಹೀಗಿದ್ದೂ ಅದು ಎಲೆಕ್ಟ್ರಾನನ್ನು ಹಿಡಿಯುತ್ತದೆ ಎಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಡಿ. ಜಿ. ಥಾಮಸ್, ಜಾನ್ ಹಾಪ್‌ಫೀಲ್ಡ್ ಮತ್ತು ಸಿ. ಜೆ. ಫ್ರಾಶ್ 1965ರಲ್ಲಿ ತೋರಿಸಿಕೊಟ್ಟರು. ಮುಂದೆ ಕೃತಕ ನರಜಾಲಗಳ ಕೆಲಸಕ್ಕಾಗಿ 2024ರ ಭೌತಶಾಸ್ತ್ರ ನೊಬೆಲ್ ಪಡೆದ ಹಾಪ್‌ಫೀಲ್ಡ್ ಇವರೇ. ಸಾರಜನಕ ಚಿಕ್ಕ ಪರಮಾಣು, ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುವ ಅದರ ಗುಣ ರಂಜಕಕ್ಕಿಂತ ಬಹಳ ಪ್ರಬಲ. ಈ ಗುಣವನ್ನು ಅಳೆಯುವ ಪೌಲಿಂಗ್ ಮಾನದಲ್ಲಿ ರಂಜಕದ್ದು 2.19 ಆದರೆ ಸಾರಜನಕದ್ದು 3.04. ಈ ಸೆಳೆತದ ವ್ಯಾಪ್ತಿ ಆ ಒಂದು ತಾಣ ಮತ್ತು ಅದರ ನೆರೆಯ ಬಂಧಗಳಷ್ಟೇ. ದೂರದಿಂದ ನೋಡುವ ಎಲೆಕ್ಟ್ರಾನಿಗೆ ಅದು ಇದ್ದೂ ಇಲ್ಲದಂತೆ, ಹತ್ತಿರ ಹಾಯ್ದ ಎಲೆಕ್ಟ್ರಾನಿಗೆ ಮಾತ್ರ ಆಳವಾದ, ಇಕ್ಕಟ್ಟಾದ ಗುಂಡಿ. ಗುಂಪು ಒಂದೇ ಆದ ಮಾತ್ರಕ್ಕೆ ಎಲ್ಲ ಧಾತುಗಳೂ ಹೀಗೆ ವರ್ತಿಸುವುದಿಲ್ಲ. ರಂಜಕದ ಬದಲು ಆರ್ಸೆನಿಕ್ ಕುಳಿತರೆ ಇಬ್ಬರ ಸ್ವಭಾವವೂ ಹತ್ತಿರವಾದದ್ದರಿಂದ ಯಾವ ಮಟ್ಟವೂ ಹುಟ್ಟದೆ ಮಿಶ್ರಹರಳು ತಯಾರಾಗುತ್ತದೆ. ಅದೇ ಗುಂಪಿನ ದೊಡ್ಡ ಪರಮಾಣುವಾದ ಬಿಸ್ಮತ್ ಕುಳಿತರೆ ಅದು ಎಲೆಕ್ಟ್ರಾನಿನ ಬದಲು ರಂಧ್ರವನ್ನು ಹಿಡಿಯುತ್ತದೆ.

ಸಂವೇಗದ ತೊಡಕು ಬಗೆಹರಿಯುವುದು ಆ ಗುಂಡಿಯ ಇಕ್ಕಟ್ಟಿನಿಂದಲೇ. ತಂಬೂರಿಯ ನಾದ ಬಹಳ ಹೊತ್ತು ನಿಲ್ಲುವುದರಿಂದ ಅದರ ಶ್ರುತಿಯನ್ನು ಖಚಿತವಾಗಿ ಗುರುತಿಸಬಹುದು; ಕ್ಷಣದಲ್ಲಿ ಮುಗಿಯುವ ಚಪ್ಪಾಳೆಗೆ ನಿಶ್ಚಿತ ಶ್ರುತಿಯಿಲ್ಲ, ಅದರ ಸದ್ದು ಅನೇಕ ಆವರ್ತನಗಳ ಮೇಲೆ ಚದುರಿರುತ್ತದೆ. ಕಾಲದಲ್ಲಿ ಸದ್ದಿಗೆ ಆಗುವುದೇ ಸ್ಥಳದಲ್ಲಿ ಎಲೆಕ್ಟ್ರಾನಿನ ಅಲೆಗೆ ಆಗುತ್ತದೆ. ಹರಳಿನುದ್ದಕ್ಕೂ ಹರಡಿದ ಅಲೆಗೆ ಒಂದೇ ಖಚಿತ ಸಂವೇಗವಿರುತ್ತದೆ. ಒಂದು ಪರಮಾಣುವಿನ ಸುತ್ತ ಕುಗ್ಗಿದ ಅಲೆಯಲ್ಲಿ ಎಲ್ಲ ಬಗೆಯ ಸಂವೇಗಗಳೂ ಸ್ವಲ್ಪಸ್ವಲ್ಪ ಬೆರೆತಿರುತ್ತವೆ, ಸೊನ್ನೆ ಸಂವೇಗದ ಪಾಲೂ ಅವುಗಳಲ್ಲಿ ಇರುತ್ತದೆ. ಆ ಪಾಲಿನ ಬಲದಿಂದ ಎಲೆಕ್ಟ್ರಾನ್ ಫೋನಾನಿನ ಹಂಗಿಲ್ಲದೆ ರಂಧ್ರದೊಡನೆ ಕೂಡಿ ಫೋಟಾನನ್ನು ಹೊಮ್ಮಿಸಬಲ್ಲದು. ಆಳವಿಲ್ಲದ ದಾನಿಯು ಎಲೆಕ್ಟ್ರಾನನ್ನು ಹಿಡಿದರೂ ಈ ಉಪಕಾರವನ್ನು ಅಷ್ಟಾಗಿ ಮಾಡಲಾರದು, ಏಕೆಂದರೆ ಅದರ ಎಲೆಕ್ಟ್ರಾನಿನ ಅಲೆ ವಿಶಾಲವಾದದ್ದು.

ಎಲೆಕ್ಟ್ರಾನ್ ಸಿಕ್ಕಿದ ಮರುಗಳಿಗೆಯೇ ಚಿತ್ರ ಬದಲಾಗುತ್ತದೆ. ಅಲ್ಲಿಯವರೆಗೆ ತಟಸ್ಥವಾಗಿದ್ದ ಸಾರಜನಕದ ತಾಣಕ್ಕೆ ಈಗ ಋಣ ವಿದ್ಯುದಂಶ ಬಂದಿದೆ. ಅದು ಮಾಮೂಲಿ ವಿದ್ಯುತ್ ಸೆಳೆತದಿಂದ ದೂರದ ರಂಧ್ರವೊಂದನ್ನು ಬಳಿಗೆ ಕರೆತರುತ್ತದೆ. ಎರಡೂ ಸೇರಿ ಸಾರಜನಕಕ್ಕೆ ಅಂಟಿಕೊಂಡ ಎಕ್ಸೈಟಾನ್ ಆಗುತ್ತವೆ. ಮೊದಲು ಒಂದು, ಅದರ ಹಿಡಿತದಿಂದಲೇ ಇನ್ನೊಂದು ಎಂಬ ಈ ಸರದಿಯಿಂದಾಗಿ ಎಲೆಕ್ಟ್ರಾನ್, ರಂಧ್ರಗಳು ಒಂದೇ ಎಡೆಯಲ್ಲಿ ಸಂಧಿಸುವುದು ಖಚಿತವಾಗುತ್ತದೆ.

ಗುಂಡಿ ಆಳವಾದರೂ ತೀರ ಇಕ್ಕಟ್ಟಾದ್ದರಿಂದ ಹಿಡಿತ ಮಾತ್ರ ಬಿಗಿಯಾದದ್ದಲ್ಲ. ಬಂಧನಶಕ್ತಿ 0.01 ಎಲೆಕ್ಟ್ರಾನ್‌ವೋಲ್ಟ್ ಆಸುಪಾಸು. ಕೋಣೆಯ ಉಷ್ಣತೆಯ 0.026ರ ಮುಂದೆ ಇದು ಕಡಿಮೆ. ಆದ್ದರಿಂದ ಸಿಕ್ಕ ಜೋಡಿಗಳಲ್ಲಿ ಬಹಳಷ್ಟು ಬೆಳಕಾಗುವ ಮೊದಲೇ ಬಿಡಿಸಿಕೊಂಡು ಹೋಗುತ್ತವೆ, ಮತ್ತೆ ಇನ್ನೊಂದು ಸಾರಜನಕಕ್ಕೆ ಸಿಗುತ್ತವೆ. ದ್ರವ ಹೀಲಿಯಮ್‌ನ ಉಷ್ಣತೆಯಲ್ಲಿ ಚೂಪಾದ ರೇಖೆಗಳಾಗಿ ಕಾಣುವ ಬೆಳಕು ಕೋಣೆಯ ಉಷ್ಣತೆಯಲ್ಲಿ 565 ನ್ಯಾನೋಮೀಟರ್ ಸುತ್ತಲಿನ ಅಗಲ ಪಟ್ಟೆಯಾಗುತ್ತದೆ. ಶಕ್ತಿಯ ಸಣ್ಣ ಪಾಲು ಬಂಧನಕ್ಕೂ ಹರಳಿನ ಕಂಪನಗಳಿಗೂ ಹೋಗುವುದರಿಂದ ಶುದ್ಧ ಹಸಿರು ಹಳದಿಯತ್ತ ವಾಲುತ್ತದೆ. ಸಾರಜನಕವನ್ನು ಇನ್ನಷ್ಟು ಹೆಚ್ಚಿಸಿದರೆ ಎರಡು ಪರಮಾಣುಗಳು ನೆರೆಹೊರೆಯಲ್ಲಿ ಕುಳಿತ ಜೋಡಿಗಳು ಹೆಚ್ಚುತ್ತವೆ. ಆ ಜೋಡಿಗಳ ಗುಂಡಿ ಒಂಟಿ ಪರಮಾಣುವಿನದಕ್ಕಿಂತ ಆಳವಾದ್ದರಿಂದ ಬೆಳಕು 590 ನ್ಯಾನೋಮೀಟರ್‌ವರೆಗೂ ಸರಿದು ಹಳದಿಯಾಗುತ್ತದೆ. ಈ ದೀಪಗಳ ದಕ್ಷತೆ ಶೇಕಡಾ 1ನ್ನೂ ಮುಟ್ಟುತ್ತಿರಲಿಲ್ಲ. ಆದರೂ ಅವು ಕಣ್ಣಿಗೆ ಎದ್ದು ಕಾಣುತ್ತಿದ್ದವು, ಏಕೆಂದರೆ ಹಗಲಿನಲ್ಲಿ ನಮ್ಮ ಕಣ್ಣು ಅತ್ಯಂತ ಸೂಕ್ಷ್ಮವಾಗಿರುವುದು 555 ನ್ಯಾನೋಮೀಟರ್‌ನಲ್ಲಿ. ಗ್ಯಾಲಿಯಮ್ ಆರ್ಸೆನೈಡ್ ಫಾಸ್ಫೈಡ್ ಎಂಬ ಮಿಶ್ರಹರಳಿಗೂ ಇದೇ ಉಪಾಯವನ್ನು ತಂದು 1972ರಲ್ಲಿ ಮೊದಲ ಹಳದಿ ಎಲ್‌ಇಡಿಯನ್ನು ಮಾಡಿದವರು ಮೊನ್ಸಾಂಟೊ ಸಂಸ್ಥೆಯ ಜಾರ್ಜ್ ಕ್ರಾಫರ್ಡ್.

ಅದೇ ಗ್ಯಾಲಿಯಮ್ ಫಾಸ್ಫೈಡ್‌ಗೆ ಸತು ಮತ್ತು ಆಮ್ಲಜನಕವನ್ನು ಸೇರಿಸಿದರೆ ಕೆಂಪು ದೀಪ ಸಿಗುತ್ತದೆ. ಗ್ಯಾಲಿಯಮ್‌ನ ತಾಣದಲ್ಲಿ ಸತು, ಅದರ ಪಕ್ಕದ ರಂಜಕದ ತಾಣದಲ್ಲಿ ಆಮ್ಲಜನಕ ಕುಳಿತಾಗ ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚುವರಿ ತುಂಬಿ ಇಡೀ ಜೋಡಿ ತಟಸ್ಥವಾಗುತ್ತದೆ, ಆದರೂ ಎಲೆಕ್ಟ್ರಾನನ್ನು ಸುಮಾರು 0.3 ಎಲೆಕ್ಟ್ರಾನ್‌ವೋಲ್ಟ್ ಆಳದಲ್ಲಿ ಹಿಡಿಯುತ್ತದೆ. ಕೋಣೆಯ ಉಷ್ಣತೆಯ ಶಕ್ತಿಗೆ ಹೋಲಿಸಿದರೆ ಇದು ಹನ್ನೊಂದು ಪಟ್ಟಿಗೂ ಹೆಚ್ಚು, ಹಾಗಾಗಿ ಸಿಕ್ಕ ಎಲೆಕ್ಟ್ರಾನ್ ಬಿಡಿಸಿಕೊಳ್ಳುವುದು ವಿರಳ. ದಕ್ಷತೆ ಹಸಿರಿಗಿಂತ ಎಷ್ಟೋ ಪಾಲು ಹೆಚ್ಚು. ಬೆಳೆದ ಹರಳನ್ನು ಮತ್ತೆ ಹದವಾಗಿ ಕಾಯಿಸಿ, ಬೇರೆಬೇರೆ ಕುಳಿತ ಸತು ಮತ್ತು ಆಮ್ಲಜನಕ ಪಕ್ಕಪಕ್ಕಕ್ಕೆ ಸರಿಯುವಂತೆ ಮಾಡುವುದು ಈ ದೀಪದ ತಯಾರಿಕೆಯ ಒಂದು ಮುಖ್ಯ ಹೆಜ್ಜೆಯಾಗಿತ್ತು. ಆದರೆ ಆಳದ ಹಿಡಿತಕ್ಕೆ ಬೆಲೆಯೂ ಇದೆ. ಹೊಮ್ಮುವ ಬೆಳಕು 700 ನ್ಯಾನೋಮೀಟರ್ ಸಮೀಪಕ್ಕೆ ಇಳಿದಿದ್ದು, ಅಲ್ಲಿ ಕಣ್ಣಿನ ಸೂಕ್ಷ್ಮತೆ 555 ನ್ಯಾನೋಮೀಟರ್‌ನಲ್ಲಿ ಇರುವುದರ ಇನ್ನೂರೈವತ್ತನೆಯ ಒಂದು ಭಾಗದಷ್ಟೇ. ಜೊತೆಗೆ ವಿದ್ಯುತ್ತನ್ನು ಹೆಚ್ಚಿಸುತ್ತ ಹೋದರೆ ಜೋಡಿಗಳೆಲ್ಲ ಆಗಲೇ ತುಂಬಿಕೊಂಡು, ಬೆಳಕು ಅದೇ ಪ್ರಮಾಣದಲ್ಲಿ ಏರದೆ ನಿಂತುಬಿಡುತ್ತದೆ.

ಬೆರಕೆಯ ಕೇಂದ್ರಗಳು ಹೀಗೇ ಕೆಲಸ ಮಾಡುತ್ತವೆ ಎಂಬುದಕ್ಕೆ ಇರುವ ಪುರಾವೆಗಳಲ್ಲಿ ಅತ್ಯಂತ ಸುಂದರವಾದದ್ದು ಎಂದು ನಾನು ಎಣಿಸುವುದನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು. ಹಾಪ್‌ಫೀಲ್ಡ್, ಥಾಮಸ್ ಮತ್ತು ಗರ್ಶೆನ್‌ಝಾನ್ 1963ರಲ್ಲಿ ಗ್ಯಾಲಿಯಮ್ ಫಾಸ್ಫೈಡ್ ಹರಳನ್ನು ಅತಿ ತಣ್ಣಗೆ ಇರಿಸಿ ನೋಡಿದಾಗ ಕಂಡ ಹತ್ತಾರು ಕಿರಿದಾದ ರೇಖೆಗಳ ಸಾಲಿಗೆ ಒಂದು ಅರ್ಥ ಕೊಟ್ಟರು. ಒಂದು ಕಡೆ ಎಲೆಕ್ಟ್ರಾನನ್ನು ಹಿಡಿದ ದಾನಿ, ಸ್ವಲ್ಪ ದೂರದಲ್ಲಿ ರಂಧ್ರವನ್ನು ಹಿಡಿದ ಗ್ರಾಹಿ. ಎಲೆಕ್ಟ್ರಾನ್ ದಾನಿಯಿಂದ ಗ್ರಾಹಿಗೆ ಜಿಗಿದು ರಂಧ್ರವನ್ನು ತುಂಬಿದಾಗ ಬೆಳಕು ಹೊಮ್ಮುತ್ತದೆ. ಜಿಗಿದಾದ ಮೇಲೆ ದಾನಿಗೆ ಧನ, ಗ್ರಾಹಿಗೆ ಋಣ ವಿದ್ಯುದಂಶ ಉಳಿಯುತ್ತದೆ. ಅವು ಪರಸ್ಪರ ಸೆಳೆಯುವುದರಿಂದ ಕೊನೆಯ ಸ್ಥಿತಿಯ ಶಕ್ತಿ ತಗ್ಗುತ್ತದೆ, ತಗ್ಗಿದಷ್ಟೂ ಫೋಟಾನಿಗೆ ಹೆಚ್ಚುವರಿಯಾಗಿ ಸೇರುತ್ತದೆ. ಎರಡರ ನಡುವೆ ಒಂದು ನ್ಯಾನೋಮೀಟರ್ ದೂರವಿದ್ದರೆ ಈ ಹೆಚ್ಚುವರಿ ಸುಮಾರು 0.13 ಎಲೆಕ್ಟ್ರಾನ್‌ವೋಲ್ಟ್, ಐದು ನ್ಯಾನೋಮೀಟರ್ ಇದ್ದರೆ ಅದರ ಐದನೆಯ ಒಂದು ಪಾಲು. ಹರಳಿನಲ್ಲಿ ಪರಮಾಣುಗಳು ಎಲ್ಲೆಂದರಲ್ಲಿ ಕೂರಲಾರವು, ಹಾಗಾಗಿ ಈ ದೂರಕ್ಕೆ ಕೆಲವೇ ನಿರ್ದಿಷ್ಟ ಬೆಲೆಗಳಿವೆ, ಒಂದೊಂದು ದೂರಕ್ಕೂ ಒಂದೊಂದು ಬಣ್ಣದ ರೇಖೆ.

ದಾನಿಯಾದ ಗಂಧಕ, ಗ್ರಾಹಿಯಾದ ಸಿಲಿಕಾನ್ ಎರಡೂ ರಂಜಕದ ತಾಣಗಳಲ್ಲೇ ಕುಳಿತಿವೆ ಎನ್ನೋಣ. ಆಗ ಅವುಗಳ ನಡುವಿನ ದೂರಗಳನ್ನು ಮೊದಲನೆಯದು, ಎರಡನೆಯದು ಎಂದು ಎಣಿಸುತ್ತ ಹೋದರೆ, ಆ ಸಂಖ್ಯೆಯ ಇಮ್ಮಡಿಯನ್ನು ಮೂರು ಪೂರ್ಣಾಂಕಗಳ ವರ್ಗಗಳ ಮೊತ್ತವಾಗಿ ಬರೆಯಲು ಬರಬೇಕು ಎಂಬ ನಿಯಮವಿದೆ. ಹದಿನಾಲ್ಕರ ಇಮ್ಮಡಿ 28. ಯಾವ ಮೂರು ವರ್ಗಗಳನ್ನು ಕೂಡಿದರೂ 28 ಬರುವುದಿಲ್ಲ. ಮೂವತ್ತರ ಇಮ್ಮಡಿಯಾದ 60 ಕೂಡ ಬರುವುದಿಲ್ಲ. ಹೀಗಾಗಿ ಹರಳಿನಲ್ಲಿ ಹದಿನಾಲ್ಕನೆಯ, ಮೂವತ್ತನೆಯ ದೂರಗಳೇ ಇಲ್ಲ, ಬೆಳಕಿನ ಸಾಲಿನಲ್ಲಿ ಆ ಸ್ಥಾನಗಳು ಖಾಲಿ. ಎರಡು ಬೆರಕೆಗಳೂ ಒಂದೇ ಬಗೆಯ ತಾಣದಲ್ಲಿವೆಯೇ ಎಂಬುದನ್ನು ರೇಖೆಗಳ ನಡುವಿನ ಈ ಖಾಲಿ ಜಾಗಗಳಿಂದಲೇ ಗುರುತಿಸಬಹುದು. ಸಂಖ್ಯಾ ಸಿದ್ಧಾಂತದ ಒಂದು ಪ್ರಮೇಯ ಹರಳಿನ ಬೆಳಕಿನಲ್ಲಿ ಹೀಗೆ ಬರೆದಿಟ್ಟಂತೆ ಕಾಣುವುದು ಭೌತಶಾಸ್ತ್ರದಲ್ಲಿ ವಿರಳ. ದೂರದ ಜೋಡಿಗಳು ನಿಧಾನವಾಗಿ ಕೂಡುತ್ತವೆ ಎಂಬುದನ್ನೂ ಕಾಣಬಹುದು: ಪ್ರಚೋದಿಸುವ ಬೆಳಕನ್ನು ಆರಿಸಿದ ಮೇಲೆ ಹತ್ತಿರದ ಜೋಡಿಗಳು ಬೇಗ ಮುಗಿದು, ಉಳಿಯುವ ಮಂದ ಬೆಳಕು ಕ್ರಮೇಣ ಕೆಂಪಿನ ಕಡೆಗೆ ಸರಿಯುತ್ತದೆ.

ಹಿಡಿದದ್ದೆಲ್ಲ ಬೆಳಕಾಗುವುದಿಲ್ಲ. ನಿಷಿದ್ಧ ಅಂತರದ ನಡುಮಧ್ಯದಲ್ಲಿ ಮಟ್ಟವಿರುವ ಕೇಂದ್ರಗಳು ಒಮ್ಮೆ ಎಲೆಕ್ಟ್ರಾನನ್ನು, ಇನ್ನೊಮ್ಮೆ ರಂಧ್ರವನ್ನು ಹಿಡಿದು ಎರಡನ್ನೂ ಸದ್ದಿಲ್ಲದೆ ಮುಗಿಸುತ್ತವೆ. ಈ ಕ್ರಿಯೆಯ ಲೆಕ್ಕವನ್ನು ಶಾಕ್ಲಿ ಮತ್ತು ರೀಡ್ ಜೊತೆಯಾಗಿಯೂ, ಹಾಲ್ ಪ್ರತ್ಯೇಕವಾಗಿಯೂ 1952ರಲ್ಲಿ ಕೊಟ್ಟರು. ಸಿಲಿಕಾನಿನಲ್ಲಿ ಚಿನ್ನ, ಕಬ್ಬಿಣದಂತಹ ಲೋಹಗಳು ಇಂತಹ ಕೇಂದ್ರಗಳಾಗುತ್ತವೆ. ಇಲ್ಲಿ ಒಂದು ಪ್ರಶ್ನೆ ಬಹುಕಾಲ ಕಾಡಿತು. ಗ್ಯಾಲಿಯಮ್ ಫಾಸ್ಫೈಡ್‌ನಲ್ಲಿ ಒಂದು ಫೋನಾನ್ ಹೆಚ್ಚೆಂದರೆ 0.05 ಎಲೆಕ್ಟ್ರಾನ್‌ವೋಲ್ಟ್ ಒಯ್ಯಬಲ್ಲದು. ಒಂದು ಎಲೆಕ್ಟ್ರಾನ್‌ವೋಲ್ಟ್ ಆಳಕ್ಕೆ ಬೀಳಬೇಕಾದರೆ ಇಪ್ಪತ್ತು ಫೋನಾನುಗಳು ಒಟ್ಟಿಗೆ ಹುಟ್ಟಬೇಕು. ನಡುವೆ ಹಂತಗಳಿಲ್ಲದ ಆಳದ ಕೇಂದ್ರದಲ್ಲಿ ಇದು ಹೇಗೆ ಸಾಧ್ಯ?

ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಹೆನ್ರಿ ಮತ್ತು ಡೇವಿಡ್ ಲ್ಯಾಂಗ್ 1977ರಲ್ಲಿ ಗ್ಯಾಲಿಯಮ್ ಆರ್ಸೆನೈಡ್ ಹಾಗೂ ಗ್ಯಾಲಿಯಮ್ ಫಾಸ್ಫೈಡ್‌ಗಳ ಮೇಲಿನ ಅಳತೆಗಳಿಂದ ಇದಕ್ಕೆ ಉತ್ತರ ಕೊಟ್ಟರು. ದೋಷದ ಶಕ್ತಿಮಟ್ಟ ಒಂದೇ ಎತ್ತರದಲ್ಲಿ ನಿಂತಿರುವಂಥದ್ದಲ್ಲ. ಅದು ಸುತ್ತಲಿನ ಪರಮಾಣುಗಳ ಸ್ಥಾನವನ್ನು ಅವಲಂಬಿಸಿದೆ. ಅವು ಕಂಪಿಸಿದಂತೆ ಮಟ್ಟವೂ ಮೇಲೆ ಕೆಳಗೆ ತೂಗುತ್ತದೆ, ಮತ್ತು ಕಂಪನ ಸಾಕಷ್ಟು ಜೋರಾದಾಗ ಅದು ವಹನ ಪಟ್ಟಿಯ ಅಂಚನ್ನೇ ಮುಟ್ಟುತ್ತದೆ. ಆ ಕ್ಷಣದಲ್ಲಿ ಹತ್ತಿರವಿದ್ದ ಎಲೆಕ್ಟ್ರಾನ್ ಶಕ್ತಿಯ ಯಾವ ವ್ಯತ್ಯಾಸವೂ ಇಲ್ಲದೆ ಮಟ್ಟದೊಳಕ್ಕೆ ಬರುತ್ತದೆ. ಎಲೆಕ್ಟ್ರಾನ್ ಬಂದ ಮೇಲೆ ಪರಮಾಣುಗಳ ಸಮತೋಲದ ಸ್ಥಾನವೇ ಬದಲಾಗುವುದರಿಂದ ಅವು ಹೊಸ ಸ್ಥಾನದ ಸುತ್ತ ಭಾರಿಯಾಗಿ ತೂಗಾಡುತ್ತವೆ, ಮಟ್ಟ ಕೆಳಕ್ಕೆ ಕುಸಿಯುತ್ತದೆ, ತೂಗಾಟದ ಶಕ್ತಿ ಫೋನಾನುಗಳಾಗಿ ಹರಳಿನಲ್ಲಿ ಚದುರಿಹೋಗುತ್ತದೆ. ಹರಳು ಬಿಸಿಯಾದಷ್ಟೂ ಕಂಪನ ಹೆಚ್ಚಿ ಈ ದಾರಿ ಸಲೀಸಾಗುತ್ತದೆ. ಎಲ್‌ಇಡಿಗಳು ಬಿಸಿಯಾದಂತೆ ಮಂಕಾಗುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಹೀಗೆ, ಎಲೆಕ್ಟ್ರಾನನ್ನು ಹಿಡಿದಾಗ ಸುತ್ತಲಿನ ಪರಮಾಣುಗಳು ಎಷ್ಟು ಜರುಗುತ್ತವೆ ಎಂಬುದರ ಮೇಲೆ ಬೆಳಕು, ಶಾಖಗಳ ಪಾಲು ನಿಂತಿದೆ. ಸಾರಜನಕದ ಸುತ್ತ ಈ ಜರುಗಾಟ ಅಲ್ಪ, ಆದ್ದರಿಂದ ಅದರ ರೇಖೆಗಳು ಚೂಪು. ಸತು–ಆಮ್ಲಜನಕದ ಜೋಡಿಯಲ್ಲಿ ಮಧ್ಯಮ, ಹಾಗಾಗಿ ಅದರ ಕೆಂಪು ಅಗಲವಾದ ಪಟ್ಟೆ. ಬೆಳಕನ್ನು ಪೂರ್ತಿ ಕೊಲ್ಲುವ ಕೇಂದ್ರಗಳಲ್ಲಿ ಹೆಚ್ಚು.

ಎಲೆಕ್ಟ್ರಾನ್ ಪಟ್ಟಿಗಳಿಂದ ಬರಲೇಬೇಕೆಂಬ ನಿಯಮವೇನೂ ಇಲ್ಲ. ವಜ್ರದ ನಿಷಿದ್ಧ ಅಂತರ 5.5 ಎಲೆಕ್ಟ್ರಾನ್‌ವೋಲ್ಟ್‌ನಷ್ಟು ವಿಶಾಲವಾಗಿದ್ದು, ಕೆಲವು ದೋಷಗಳ ತಳಮಟ್ಟ ಮತ್ತು ಉದ್ರಿಕ್ತ ಮಟ್ಟಗಳೆರಡೂ ಅದರೊಳಗೇ ಅಡಗುತ್ತವೆ. ಅಂತಹ ದೋಷದಲ್ಲಿ ಬೆಳಕನ್ನು ಹೀರುವುದು, ಮರಳಿ ಹೊಮ್ಮಿಸುವುದು ಎರಡೂ ಪಟ್ಟಿಗಳನ್ನು ಮುಟ್ಟದೆಯೇ ನಡೆಯುತ್ತವೆ. ಈ ಬೆಳಕಿನ ಆರಂಭದ ಗಂಭೀರ ಅಧ್ಯಯನಗಳಲ್ಲಿ ಕೆಲವು ನಡೆದದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ 1940ರ ದಶಕದ ಮೊದಲರ್ಧದಲ್ಲಿ ಅನ್ನಾ ಮಣಿ ಅವರು 30ಕ್ಕೂ ಹೆಚ್ಚು ವಜ್ರಗಳ ದೀಪ್ತಿ ಮತ್ತು ಹೀರಿಕೆಯ ರೋಹಿತಗಳನ್ನು ಅತಿ ಕಡಿಮೆ ಉಷ್ಣತೆಯಲ್ಲೂ ದಾಖಲಿಸಿದರು. ಬೆಳಕು ಎಷ್ಟು ಮಂದವಾಗಿತ್ತೆಂದರೆ ಒಂದೊಂದು ಛಾಯಾಫಲಕವನ್ನು ಹದಿನೈದು, ಇಪ್ಪತ್ತು ಗಂಟೆ ಕಾಲ ತೆರೆದಿಡಬೇಕಾಗುತ್ತಿತ್ತು. ಇಷ್ಟು ಶ್ರಮದ ಪ್ರಬಂಧಕ್ಕೆ, ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣದಿಂದ ಅವರಿಗೆ ಡಾಕ್ಟರೇಟ್ ದೊರೆಯಲಿಲ್ಲ ಎಂಬುದು ಇಂದಿಗೂ ನೋಯಿಸುವ ಸಂಗತಿ. ರಾಮನ್ ಅವರು ಈ ದೀಪ್ತಿಯ ಮೂಲವನ್ನು ವಜ್ರದ ಸ್ವಂತ ರಚನೆಯಲ್ಲೇ ಹುಡುಕಿದ್ದರು. ವಜ್ರದಲ್ಲಿ ಸಾರಜನಕವೇ ಮುಖ್ಯ ಬೆರಕೆ ಎಂದು ಕೈಸರ್ ಮತ್ತು ಬಾಂಡ್ ತೋರಿಸಿದ್ದು 1959ರಲ್ಲಿ, ಅದೂ ಬೆಲ್ ಪ್ರಯೋಗಾಲಯದಿಂದ.

ಅಂದು ಫಲಕಗಳ ಮೇಲೆ ಮೂಡುತ್ತಿದ್ದ 415 ನ್ಯಾನೋಮೀಟರ್‌ನ ನೀಲಿ ರೇಖೆ, ಇಂಗಾಲದ ಒಂದು ಖಾಲಿ ತಾಣವನ್ನು ಮೂರು ಸಾರಜನಕ ಪರಮಾಣುಗಳು ಸುತ್ತುವರಿದ ಕೇಂದ್ರದ್ದು ಎಂದು ಈಗ ತಿಳಿದಿದೆ. ಖಾಲಿ ತಾಣದ ಪಕ್ಕ ಎರಡೇ ಸಾರಜನಕಗಳಿದ್ದರೆ ರೇಖೆ 503 ನ್ಯಾನೋಮೀಟರ್‌ಗೆ ಬಂದು ಬೆಳಕು ಹಸಿರಾಗುತ್ತದೆ. ಒಂದೇ ಇದ್ದು, ಆ ಕೇಂದ್ರವು ಹೆಚ್ಚುವರಿಯಾಗಿ ಒಂದು ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಂಡಿದ್ದರೆ ರೇಖೆ 637 ನ್ಯಾನೋಮೀಟರ್‌ನಲ್ಲಿ, ಕೆಂಪಿನಲ್ಲಿ ಬರುತ್ತದೆ. ಈ ಕೊನೆಯ ಕೇಂದ್ರದ ಮಟ್ಟಗಳು ಪಟ್ಟಿಗಳಿಂದ ಬಹಳ ದೂರವಿರುವುದರಿಂದ ಕೋಣೆಯ ಉಷ್ಣತೆಯೂ ಅದರ ಹಿಡಿತವನ್ನು ಸಡಿಲಿಸಲಾರದು. ಸೂಕ್ಷ್ಮದರ್ಶಕದ ಕೆಳಗೆ ಇಂತಹ ಒಂದೇ ಒಂದು ಕೇಂದ್ರದ ಬೆಳಕನ್ನು ಬಿಡಿಯಾಗಿ ನೋಡುವುದು 1997ರಲ್ಲಿ ಸಾಧ್ಯವಾಯಿತು.